ಎಬ್ಬಿಸುವವರ ಹೆಸರು

ಮಂಗಳೂರಿನಿಂದ ಮುಂಬಯಿಗೆ ವಿಮಾನ, ಅಲ್ಲಿಂದ ದ್ವಾರಕೆಗೆ ಹಡಗು. ಬ್ಯಾಟರಿ ಗಾಲಿಕುರ್ಚಿಯಲ್ಲಿ ಕೂತ ಸತ್ಯಭಾಮಮ್ಮನವರ ಮಡಿಲಲ್ಲಿ ಗಂಡನ ಅಸ್ಥಿಯ ಕುಡಿಕೆ ಇತ್ತು.

ಅಂಥ ಕುರ್ಚಿಯಲ್ಲಿ ಕೂತವರ ಎದೆ ಬಡಿಯುವುದು ಅದರ ಬ್ಯಾಟರಿಯಿಂದಲೇ. ವಿಮಾನದಲ್ಲಿ ಅದನ್ನು ಆರಿಸಲೇಬೇಕು. ಆರಿಸುವುದು ಸಿಬ್ಬಂದಿಯ ಕೆಲಸ. ಇಳಿದ ಅರ್ಧ ಗಂಟೆಯೊಳಗೆ ಎಬ್ಬಿಸುವುದು ಜೊತೆಯವರ ಕೆಲಸ. ತಡವಾದರೆ ಯಾರೂ ಎದ್ದದ್ದಿಲ್ಲ.

“ಎಬ್ಬಿಸುವವರ ಹೆಸರು ಹೇಳಿ ಅಮ್ಮ,” ಎಂದ ವಿಮಾನ ನಿಲ್ದಾಣದ ಗುಮಾಸ್ತ.

ಇಷ್ಟು ವರ್ಷವೂ ಅಲ್ಲಿ ಗಂಡನ ಹೆಸರಿರುತ್ತಿತ್ತು. ಸತ್ಯಭಾಮಮ್ಮ ಮಡಿಲ ಕುಡಿಕೆಯತ್ತ ನೋಡಿದರು.

ಪಕ್ಕದ ಕೌಂಟರಿನ ಅಡ್ಡಹಲಗೆಯ ಮೇಲೆ ಮುಖವಷ್ಟೇ ಕಾಣುತ್ತಿದ್ದ ಹೆಂಗಸು ನಕ್ಕರು. “ಲೂಸಿ ಬಾಯಿ ಅಂತ ಬರೀರಿ ಮಾರಾಯ್ರೆ. ನಾನೂ ಇದೇ ವಿಮಾನಕ್ಕೆ. ಒಂದು ಗುಂಡಿ ಒತ್ತಲಿಕ್ಕೆ ಎಂತ ಕಷ್ಟ?”

“ಕೃಷ್ಣನೇ ನಿಮ್ಮನ್ನು ಕಳಿಸಿದ. ನನ್ನ ಹೆಸರು ಸತ್ಯಭಾಮ,” ಎಂದರು ಇವರು.

ಗುಮಾಸ್ತ ಹೆಸರು ಬರೆದುಕೊಂಡು ಅವರ ಕುರ್ಚಿಯ ಗುಂಡಿ ಒತ್ತಿ ಆರಿಸಿದ. ಪಾದದಿಂದ ತಣ್ಣನೆಯ ಮಂಪರು ಏರತೊಡಗಿತು. ಆಗ ಲೂಸಿ ಬಾಯಿ ಹಲಗೆಯ ಹಿಂದಿನಿಂದ ಈಚೆ ಬಂದರು. ಅವರು ಕೂತಿದ್ದದ್ದೂ ಬ್ಯಾಟರಿ ಗಾಲಿಕುರ್ಚಿಯಲ್ಲೇ.

“ಇದು ನನ್ನ ಮೊದಲ ವಿಮಾನ ಅಕ್ಕ. ನನ್ನ ಚೀಟಿಯಲ್ಲಿ ನಿಮ್ಮ ಹೆಸರೇ ಬರೆಸಿದೆ. ನಾನು ನಿಮ್ಮನ್ನು ಎಬ್ಬಿಸ್ತೇನೆ, ನೀವು ನನ್ನನ್ನು. ಮರೀಬೇಡಿ ಆಯ್ತಾ?”

ಬೇಡ ಎನ್ನಲು ಸತ್ಯಭಾಮಮ್ಮ ಬಾಯಿ ತೆರೆದರು. ನಾಲಿಗೆ ಏಳಲಿಲ್ಲ. ಇನ್ನೊಬ್ಬ ಗುಮಾಸ್ತ ನಗುತ್ತಲೇ ಲೂಸಿ ಬಾಯಿಯ ಕುರ್ಚಿಯ ಗುಂಡಿಯತ್ತ ಬಗ್ಗಿದ.