ಅಜ್ಜಿಯ ಅಂಗೈ

ಬೇರೆ ಯಾರೂ ಮಾಡಿರದ ಕೆಲಸ ಒಂದನ್ನಾದರೂ ಮಾಡಿದವರಿಗೆ ಮಾತ್ರ ಕಾಲೇಜಿನಲ್ಲಿ ಸೀಟು. ಪಿಯುಸಿ ಮುಗಿಸಿದ ಗದಗಿನ ನೀಲಾಂಬಿಕಾ ಸಂದರ್ಶನದಲ್ಲಿ ತನ್ನ ಸಾಧನೆಗಳನ್ನು ಹೇಳುತ್ತ ಹೋದಳು. ಮಲ್ಲಕಂಬ, ಓಣಿಯ ಮಕ್ಕಳಿಗೆ ಪಾಠ, ತಾನೇ ಕಟ್ಟಿದ ದೂರದರ್ಶಕ. ಪ್ರತಿ ಸಲವೂ ಮೇಜಿನ ಮೇಲಿನ ಯಂತ್ರದಲ್ಲಿ ಕೆಂಪು ದೀಪ ಹತ್ತಿತು.

"ಇವನ್ನೆಲ್ಲ ಬ್ಯಾರೇದವರು ಮಾಡ್ಯಾರವ್ವಾ. ಮತ್ತೇನರ ಐತೇನು?" ಎಂದರು ಪ್ರಾಂಶುಪಾಲರು.

ಅವಳಿಗೆ ಅಳು ಬಂತು. "ನಮ್ಮಜ್ಜಿಗೆ ಕಣ್ಣು ಕಾಣೂದಿಲ್ಲ, ಕಿವಿ ಕೇಳೂದಿಲ್ಲ ಸರ್. ಅಂಗೈ ಮ್ಯಾಲೆ ಬೆರಳಾಡಿಸಿ ಮಾತಾಡೋ ಭಾಷೆ ಒಂದನ್ನ ನಾವಿಬ್ಬರೇ ಮಾಡಿಕೊಂಡೇವಿ."

ಹಸಿರು ದೀಪ ಹತ್ತಿತು. ಆ ಭಾಷೆಯನ್ನೆಲ್ಲ ಅವಳಿಂದ ಯಂತ್ರಕ್ಕೆ ಕಲಿಸಿದ ಮೇಲೆ ಪ್ರಾಂಶುಪಾಲರು ಅವಳ ಮಣಿಕಟ್ಟಿಗೆ ಕಾಲೇಜಿನ ಪಟ್ಟಿ ಬಿಗಿದರು.

"ನಿಯಮ ಗೊತ್ತಲ್ಲ? ಇನ್ನ ಆ ಭಾಷೆ ಕಾಲೇಜಿನ ಸ್ವತ್ತು. ನೀನು ಬಳಸಿದರ ಈ ಪಟ್ಟಿಗೆ ಗೊತ್ತಾಗತೈತಿ, ಸೀಟು ಹೋಗತೈತಿ."

"ಮತ್ತ ಅಜ್ಜೀಗೆ ಹೆಂಗ ಹೇಳಲಿ ಸರ್?"

ಅವರು ಮುಂದಿನವರ ಹೆಸರು ಕರೆದರು.

ಮನೆಯಲ್ಲಿ ಅಜ್ಜಿ ಅವಳ ಬಳೆ ಸವರಿ ಗುರುತು ಹಿಡಿದಳು. "ಸೀಟು ಸಿಕ್ತೇನ ಮಗಳ?" ಎಂದು ಅಂಗೈ ಚಾಚಿದಳು.

ನೀಲಾಂಬಿಕಾ ಆ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡಳು. ಕೆನ್ನೆ ಒದ್ದೆಯಾಗಿತ್ತು.

"ಹೋಗ್ಲಿ ಬಿಡು, ಅಳಬ್ಯಾಡ," ಎಂದಳು ಅಜ್ಜಿ. "ಬರೋ ವರ್ಷ ಸಿಗತೈತಿ."