ಬಾರ್ಬ್ರೂ ಮೇಜು ಬದಲಾಯಿಸಿದ್ದು

"ನೀನು ಹಾಲಿಂಗ್‌ದಾಲ್‌ನವಳೇ ಅಲ್ಲ ಕಣೇ ಬಾರ್ಬ್ರೂ," ಎಂದ ಸೆಲ್ಮರ್, ಅವಳ ಅಡುಗೆಮನೆ ಬಾಗಿಲಲ್ಲಿ ಟೊಪ್ಪಿ ತೆಗೆಯುತ್ತಲೇ.

ಬಾರ್ಬ್ರೂ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಅಲ್ಲೇ ನಿಂತಿತು. ಮುಂದೆ ಹಾಲಿಂಗ್‌ದಾಲ್ ಕಸೂತಿಯ ಕಪ್ಪು ಲಂಗ ಹರಡಿತ್ತು. ಮೂರು ದಿನ ಕಳೆದರೆ ಮೇ ಹದಿನೇಳು, ನಾರ್ವೆಯ ಹಬ್ಬ. ನಾರ್ವೆಯಿಂದ ವಲಸೆ ಬಂದವರ ಮಕ್ಕಳು ಮರಿಮಕ್ಕಳೇ ತುಂಬಿದ, ಅಮೆರಿಕದ ಮಿನ್ನೆಸೋಟದ ಆ ಸಣ್ಣ ಊರಿನ ಮೆರವಣಿಗೆಯಲ್ಲಿ ಹಾಲಿಂಗ್‌ದಾಲ್ ಸಂಘದ ಬಾವುಟ ಹಿಡಿದು ಮುಂದೆ ನಡೆಯುವವಳು ಇಪ್ಪತ್ತಾರು ವರ್ಷಗಳಿಂದ ಅವಳೇ. ವಾಲ್ಡ್ರೆಸ್ ಸಂಘದವರು ಹಿಂದೆ ಬರುತ್ತಾರೆ. ನಾರ್ವೆಯಲ್ಲಿ ಈ ಎರಡು ಕಣಿವೆಗಳ ನಡುವೆ ಇರುವುದು ಒಂದೇ ಬೆಟ್ಟ. ಇಲ್ಲಿ, ಚರ್ಚಿನ ನೆಲಮಾಳಿಗೆಯ ಹಬ್ಬದೂಟದಲ್ಲಿ, ಎರಡು ಸಂಘಗಳ ಮೇಜುಗಳ ನಡುವೆ ಇರುವುದು ಸಮುದ್ರ.

"ಬೆಳಬೆಳಗ್ಗೆ ಕುಡಿದು ಬಂದ್ಯೇನೋ?"

"ಕುಡಿಯೋಕೇ ಬಂದಿದ್ದು. ಮೊದಲು ಕಾಫಿ ಕೊಡು, ಆಮೇಲೆ ಬೈ."

ಸೆಲ್ಮರ್ ಲೋಮೆನ್ ಅವಳ ಜೊತೆ ಶಾಲೆಗೆ ಹೋದವನು, ವಾಲ್ಡ್ರೆಸ್ ಸಂಘದ ಅಧ್ಯಕ್ಷ, ಊರಿನವರ ವಂಶಾವಳಿ ಹುಡುಕಿಕೊಡುವ ಹುಚ್ಚು ಹತ್ತಿಸಿಕೊಂಡವನು. ವಾಲ್ಡ್ರೆಸ್‌ನವರೆಲ್ಲ ಹಸುಗಳ್ಳರು ಎಂದು ಬಾರ್ಬ್ರೂ ಎಂಬತ್ತು ದಾಟಿದರೂ ಅವನನ್ನು ರೇಗಿಸುತ್ತಿದ್ದಳು. ಆದರೆ ಕಳೆದ ಚಳಿಗಾಲದಲ್ಲಿ ಬಿಂಕ ಬಿಟ್ಟು ಅವನ ಬಳಿಗೇ ಹೋಗಿದ್ದಳು. ಅವಳಿಗೆ ಬಂದದ್ದು ಅಜ್ಜಿಯ ಹೆಸರು. ಹಿರಿ ಮಗಳಾದ ಆ ಅಜ್ಜಿಗೆ ಬಾರ್ಬ್ರೂ ಎಂದು ಹೆಸರಿಟ್ಟವನು ಅಜ್ಜಿಯ ತಂದೆ, ನಾರ್ವೆಯಿಂದ ಬಂದ ಮುತ್ತಜ್ಜ ಕ್ನೂಟ್ ಬ್ರೆಕ್ಕೆ. ಹಿರಿ ಮಗಳಿಗೆ ತಂದೆಯ ತಾಯಿಯ ಹೆಸರಿಡುವುದು ಪದ್ಧತಿ. ಹಾಗಾದರೆ ಕ್ನೂಟನ ತಾಯಿಯೂ ಬಾರ್ಬ್ರೂ ಆಗಿರಲೇಬೇಕು. ಹಾಲಿಂಗ್‌ದಾಲ್‌ನ ಬ್ರೆಕ್ಕೆ ಹೊಲಮನೆಯ ದಾಖಲೆಗಳನ್ನೆಲ್ಲ ಜಾಲಾಡಿದರೂ ಅಂಥವಳು ಸಿಕ್ಕಿರಲಿಲ್ಲ. ಕಣ್ಣು ಮುಚ್ಚುವ ಮೊದಲು ಆ ತಾಯಿಯನ್ನು ಕಾಗದದಲ್ಲಾದರೂ ನೋಡಬೇಕೆಂಬುದು ಅವಳ ಆಸೆ.

"ಬೆಟ್ಟದ ಆಚೆ ಹುಡುಕಿದೆ, ಸಿಕ್ಕಳು," ಎಂದು ಸೆಲ್ಮರ್ ನಾಲ್ಕು ಹಾಳೆ ಮೇಜಿನ ಮೇಲಿಟ್ಟ. "ಕ್ನೂಟ್ ಹುಟ್ಟಿದ್ದು ವಾಲ್ಡ್ರೆಸ್‌ನಲ್ಲಿ. ಬೆಟ್ಟ ಹತ್ತಿಳಿದು ಬ್ರೆಕ್ಕೆಗೆ ಆಳಾಗಿ ಹೋದ. ಎರಡು ವರ್ಷ ದುಡಿದು ಹಡಗು ಹತ್ತಿದ. ಆಗೆಲ್ಲ ಯಾವ ಹೊಲಮನೇಲಿ ಇರ್ತಾರೋ ಅದೇ ಅಡ್ಡಹೆಸರು ತಾನೇ? ಹಡಗಿನ ಪಟ್ಟೀಲಿ ಅದನ್ನೇ ಬರೆಸಿದ."

"ಕ್ನೂಟ್ ಅನ್ನೋರು ಸಾವಿರ ಜನ ಇದ್ರು."

"ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಹುಟ್ಟಿ, ಬ್ರೆಕ್ಕೆಗೆ ಆಳಾಗಿ ಹೋದೋನು ಒಬ್ಬನೇ. ಚರ್ಚಿನ ಹಿಂದೆ ಅವನ ಗೋರಿ ಕಲ್ಲಿನ ಮೇಲೂ ಅದೇ ತಾರೀಕಿದೆ, ಹೋಗಿ ನೋಡು."

ನೋಡುವುದೇನು, ಪ್ರತಿ ವಸಂತಕ್ಕೆ ಆ ಗೋರಿಯ ಬುಡದಲ್ಲಿ ಹೂವಿನ ಗಿಡ ನೆಡುವವಳೇ ಅವಳು. ಬಾರ್ಬ್ರೂ ಮೆಲ್ಲಗೆ ಕುರ್ಚಿಯ ಮೇಲೆ ಕುಳಿತಳು. ಹಾಲಿಂಗ್‌ದಾಲ್‌ನಲ್ಲೇ ಹಿರಿಯರು ಹುಟ್ಟಿದರೆಂದು ದಾಖಲೆ ತೋರಿಸದವರಿಗೆ ಸಂಘದ ಮೇಜಿನಲ್ಲಿ ಜಾಗವಿಲ್ಲವೆಂಬ ನಿಯಮ ಮಾಡಿದವಳೂ ಅವಳೇ. ಅವಳಿಗಿದ್ದ ಹಾಲಿಂಗ್‌ದಾಲ್ ನಂಟಾದರೋ ಕ್ನೂಟನ ಬ್ರೆಕ್ಕೆ ಎಂಬ ಹೆಸರೊಂದೇ. ಹೋದ ವರ್ಷ ಅದೇ ನಿಯಮ ಹೇಳಿ ಪಾದ್ರಿಯ ಹೆಂಡತಿಯನ್ನೇ ಊಟಕ್ಕೆ ಕುಳಿತಲ್ಲಿಂದ ಎಬ್ಬಿಸಿದ್ದಳು.

"ಊರೆಲ್ಲ ನಗುತ್ತೆ ಕಣೋ," ಎಂದಳು.

ಸೆಲ್ಮರನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಈ ಹಾಳೆಗಳು ಬೇರೆ ಯಾರ ಹತ್ರಾನೂ ಇಲ್ಲ ಬಾರ್ಬ್ರೂ. ನಾನೂ ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಒಲೆ ಅಲ್ಲೇ ಉರೀತಿದೆ. ನಾನು ಕಾಫಿ ಕುಡೀತಾ ಕಿಟಕಿ ಕಡೆ ನೋಡ್ತಿರ್ತೀನಿ."

ಅವನು ನಿಜಕ್ಕೂ ಕಿಟಕಿಯ ಕಡೆ ತಿರುಗಿ ಕುಳಿತ. ಬಾರ್ಬ್ರೂ ಹಾಳೆಗಳನ್ನು ಎತ್ತಿಕೊಂಡು ಒಲೆಯ ಹತ್ತಿರ ಹೋದಳು. ಹೋದವಳು ಕೊನೆಯ ಹಾಳೆಯ ಮೇಲೆ ಕಣ್ಣಾಡಿಸಿ ನಿಂತಳು. ಅದು ವಾಲ್ಡ್ರೆಸ್ ಚರ್ಚಿನ ಮರಣ ದಾಖಲೆ. ಯಾವ ಕಾಲದ ಪಾದ್ರಿಯೋ ಬರೆದಿದ್ದ ಒಂದೂವರೆ ಸಾಲು, ಕೆಳಗೆ ಸೆಲ್ಮರ್ ಪೆನ್ಸಿಲಿನಲ್ಲಿ ಬಿಡಿಸಿ ಬರೆದದ್ದು: ಬಾರ್ಬ್ರೂ, ವಿಧವೆ, ನೇಯುವವಳು. ಒಬ್ಬನೇ ಮಗ, ಅಮೆರಿಕದಲ್ಲಿ. ಎಲ್ಲಿದ್ದಾನೋ ತಿಳಿಯದು.

"ಇಲ್ಲೇ ಇದ್ದನಲ್ಲೋ!" ಎಂದಳು ಬಾರ್ಬ್ರೂ. ಕಣ್ಣಲ್ಲಿ ನೀರು ತುಂಬಿತ್ತು. "ಈ ಊರಲ್ಲೇ ಇದ್ದ. ಅಮ್ಮಾ, ನಿನ್ನ ಮಗ ತನ್ನ ಮಗಳಿಗೆ ನಿನ್ನ ಹೆಸರೇ ಇಟ್ಟಿದ್ದಾನೆ ಅಂತ ಯಾರಾದ್ರೂ ಒಬ್ರು ಅವಳಿಗೆ ಒಂದು ಕಾಗದ ಬರೀಬಾರದಿತ್ತಾ?"

ಇಷ್ಟು ಕಾಲಕ್ಕೆ ಸಿಕ್ಕಿದ ತಾಯಿಯನ್ನು ಒಲೆಗೆ ಹಾಕಲು ಅವಳಿಂದ ಆಗಲಿಲ್ಲ. ಹಾಳೆಗಳನ್ನು ಸ್ತೋತ್ರದ ಪುಸ್ತಕದಲ್ಲಿಟ್ಟು, ಅರ್ಧ ಇಸ್ತ್ರಿಯಾದ ಲಂಗವನ್ನು ಮಡಿಸಿ ಪೆಟ್ಟಿಗೆಗೆ ಹಾಕಿ, ಮೂಗು ಒರೆಸಿಕೊಂಡಳು.

"ನಿಮ್ಮ ಮೇಜಲ್ಲಿ ಜಾಗ ಇದೆಯೇನೋ ಸೆಲ್ಮರ್?"

"ಇದೆ. ಆದರೆ ಹೊಸಬರು ಮೊದಲ ವರ್ಷ ಲೆಫ್ಸೆ ರೊಟ್ಟಿಗೆ ಆಲೂಗಡ್ಡೆ ಸುಲೀಬೇಕು."

"ಅದು ನಮ್ಮ ಸಂಘಕ್ಕೆ ನಾನು ಮಾಡಿದ ನಿಯಮ!"

"ನಾವು ಕಳ್ಳರಲ್ವಾ? ಕದ್ದುಕೊಂಡ್ವಿ."

ಹಬ್ಬದ ದಿನ ಹಾಲಿಂಗ್‌ದಾಲ್ ಬಾವುಟವನ್ನು ಬೇರೆ ಯಾರೋ ಹಿಡಿದು ನಡೆದರು. ಮೆರವಣಿಗೆಯಲ್ಲಿ ಬಾರ್ಬ್ರೂ ಎಲ್ಲೂ ಕಾಣದಿದ್ದಾಗ ಸೆಲ್ಮರ್ ಹಿಂದುಮುಂದಿನ ಸಾಲುಗಳಲ್ಲೆಲ್ಲ ಹುಡುಕಿದ. ಮುದುಕಿಯ ಇಪ್ಪತ್ತಾರು ವರ್ಷದ ಮರ್ಯಾದೆ ಕಳೆದವನು ತಾನೇ ಎಂದು ಬೈದುಕೊಳ್ಳುತ್ತ, ಮೆರವಣಿಗೆ ಬಿಟ್ಟು ಚರ್ಚಿನ ನೆಲಮಾಳಿಗೆಯ ಮೆಟ್ಟಿಲಿಳಿದ. ಕೆಳಗೆ ಹಬೆಯಾಡುವ ಆಲೂಗಡ್ಡೆಯ ಹಂಡೆಯ ಸುತ್ತ ವಾಲ್ಡ್ರೆಸ್‌ನ ಹೆಂಗಸರು ತಪ್ಪು ಮಾಡಿದವರಂತೆ ನಿಂತಿದ್ದರು. ನಡುವೆ ಏಪ್ರನ್ ಕಟ್ಟಿದ ಬಾರ್ಬ್ರೂ, ಸುಡುವ ಆಲೂಗಡ್ಡೆಯನ್ನು ಕೈಯಿಂದ ಕೈಗೆ ಹಾರಿಸುತ್ತ ಗದರುತ್ತಿದ್ದಳು:

"ಆರೋ ತನಕ ಯಾರಾದ್ರೂ ಕಾಯ್ತಾರೇನ್ರೇ? ಅದೆಲ್ಲ ಹಾಲಿಂಗ್‌ದಾಲ್‌ನವರ ಸೋಮಾರಿತನ. ನಮ್ಮ ವಾಲ್ಡ್ರೆಸ್ ಕಡೆ ಬಿಸಿ ಇರೋವಾಗಲೇ ಸುಲಿಯೋದು!"