ದಿನಕ್ಕೊಂದು ಮಿಲಿಮೀಟರ್

ಸುಳ್ಳು ಹೇಳುತ್ತಿರುವವನು ಚಲುವರಾಜು ಎಂಬುದರಲ್ಲಿ ಕವಿತಳಿಗೆ ಅನುಮಾನ ಉಳಿದಿರಲಿಲ್ಲ.

ಅವನು ಕೊಟ್ಟ ನೋಟ್‌ಬುಕ್ಕನ್ನು ತಿರುವಿದಳು. ದಿನಕ್ಕೆ ನಾಲ್ಕು ಟಿಕ್ಕು. ಐದು ತಿಂಗಳಲ್ಲಿ ಒಂದು ದಿನವೂ ಖಾಲಿಯಿಲ್ಲ. ದೀಪಾವಳಿಗೂ ನಾಲ್ಕು. ಅಂಚಿನಲ್ಲಿ ‘ಎಮ್ಮೆ ಕರ ಹಾಕ್ತು’ ಎಂದು ಗೀಚಿದ ದಿನವೂ ನಾಲ್ಕು. ಇಷ್ಟು ಅಚ್ಚುಕಟ್ಟಾದ ಗಂಡನನ್ನು ಅವಳು ಅಜ್ಜಿ ಹೇಳಿದ ಕಥೆಗಳಲ್ಲೂ ಕಂಡಿರಲಿಲ್ಲ.

ಕವಿತ ಮಂಡ್ಯದ ಸಂಶೋಧನಾ ತಂಡವೊಂದರ ಫಿಸಿಯೋಥೆರಪಿಸ್ಟ್. ಕೈಯ ನರ ತುಂಡಾಗಿದ್ದ ಹನ್ನೆರಡು ಜನರಿಗೆ ಡಾಕ್ಟರು ನರ ಹೊಲಿದು, ಹೊಲಿಗೆಯ ಸುತ್ತ ಹೊಸದೊಂದು ಲೇಪ ಹಚ್ಚಿದ್ದರು. ಗಾಯ ಮಾಯುವಾಗ ಒಳಗೂ ಕಲೆ ಕಟ್ಟುತ್ತದೆ. ಚಿಗುರುವ ನರ ಆ ಗೋಡೆಗೆ ತಾಗಿ ಅಲ್ಲೇ ನಿಂತುಬಿಡುತ್ತದೆ. ಲೇಪ ಆ ಗೋಡೆ ಏಳದಂತೆ ತಡೆಯಬೇಕು. ತಡೆದರೆ ನರ ದಿನಕ್ಕೊಂದು ಮಿಲಿಮೀಟರಿನಂತೆ, ಏಳು ಕೋಟೆ ದಾಟುವ ರಾಜಕುಮಾರನ ಹಾಗೆ, ನಡೆದು ಬರುತ್ತದೆ. ಅಂಗೈಯಿಂದ ಬೆರಳ ತುದಿಗೆ ನೂರು ದಿನದ ದಾರಿ.

ಹನ್ನೊಂದು ಜನರಲ್ಲಿ ಬಂದು ಸೇರಿತ್ತು. ಮದ್ದೂರಿನ ಮೆಕ್ಯಾನಿಕ್ ಅಫ್ಸರ್ ಪಾಷಾ ಈಗ ಕಣ್ಣು ಮುಚ್ಚಿಕೊಂಡೇ ನಟ್ಟು ಯಾವುದು, ಬೋಲ್ಟು ಯಾವುದು ಎಂದು ಹೇಳುತ್ತಿದ್ದ. ಚಲುವರಾಜುವಿನ ಹೆಂಡತಿ ದೇವಿರಮ್ಮನ ಎರಡು ಬೆರಳು ಮಾತ್ರ ಕಲ್ಲಾಗಿಯೇ ಉಳಿದಿದ್ದವು. ನಾಲೆ ಏರಿಯ ಮೇಲೆ ಜಾರಿ, ಒಡೆದ ಬಾಟಲಿಯ ಮೇಲೆ ಬಲಗೈ ಊರಿದ್ದಳು ಅವಳು. ಮನೆಯವರು ತಟ್ಟೆಯಲ್ಲಿ ರಾಗಿ, ಹುರುಳಿ, ಮರಳು ಹರವಿ, ಕಣ್ಣು ಮುಚ್ಚಿಸಿ, ಬೆರಳಾಡಿಸಬೇಕಿತ್ತು. ದಿನಕ್ಕೆ ನಾಲ್ಕು ಸಲ. ಲೇಪ ಹನ್ನೊಂದು ಕಡೆ ಗೆದ್ದಿದ್ದರೆ, ಇಲ್ಲಿ ತಪ್ಪಿರುವುದು ಅಭ್ಯಾಸವೇ.

“ನಿಜ ಹೇಳಿ ಚಲುವರಾಜು. ದಿನಾ ಮಾಡಿಸಿದ್ರಾ, ಇಲ್ಲ ಒಂದೇ ದಿನ ಕೂತು ಟಿಕ್ಕು ಹಾಕಿದ್ರಾ?”

ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದವನು ತಲೆಯೆತ್ತಲಿಲ್ಲ. “ಇವಳ ಕೈ ಬರ್ಲಿ ಅಂತ ನನ್ಗಿಂತ ಇನ್ಯಾರ್ಗೆ ಬೇಕು ಮೇಡಂ? ಇನ್ನೆಷ್ಟ್ ದಿನ ಅಂತ ನೀವೇ ಯೋಳಿ. ಒಂದೊಂದ್ ದಿನಾನೂ ಎಣುಸ್ತಾ ಇವ್ನಿ.”

“ಎಣುಸ್ದೆ ಇದ್ದಾನಾ?” ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅವನ ತಾಯಿ ಅಂಕಮ್ಮ ಗೊಣಗಿದಳು. “ನನ್ ಮಗ ಅದ್ರಲ್ಲಿ ಬಾಳ ಚುರುಕು.”

ಕವಿತ ದೇವಿರಮ್ಮನ ಕಡೆ ತಿರುಗಿದಳು. “ಇವತ್ತೂ ಗೊತ್ತಾಗದಿದ್ರೆ ಮತ್ತೆ ಕೊಯ್ದು ಒಳಗಿನ ಕಲೆ ಬಿಡಿಸಬೇಕಂತೆ. ಎಲ್ಲ ಮೊದಲಿಂದ ಶುರು.”

“ಕುಯ್ಲಿ ಬುಡವ್ವ,” ಎಂದಳು ದೇವಿರಮ್ಮ ತಣ್ಣಗೆ. “ಇನ್ನಾರ್ ತಿಂಗ್ಳು ಆಯ್ತದೆ, ಅಷ್ಟೇ ತಾನೆ?”

“ಇನ್ನಾರ್ ತಿಂಗ್ಳಾ?” ಚಲುವರಾಜು ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಹಿತ್ತಲಿಗೆ ನಡೆದ.

ಕವಿತಳಿಗೆ ಅಷ್ಟೇ ಸಾಕಾಗಿತ್ತು. ಈ ಹೆಂಗಸಿನ ಧೈರ್ಯವೆಲ್ಲಿ, ಆ ಗಂಡಸಿನ ಸೋಗೆಲ್ಲಿ. ‘ಲೇಪ ವಿಫಲ’ ಎಂದು ಬರೆಯಲು ಹೊರಟ ಡಾಕ್ಟರ ಹತ್ತಿರ ಮೂರು ಸಲ ವಾದಿಸಿ ದೇವಿರಮ್ಮನಿಗಾಗಿ ಈ ಕೊನೆಯ ಪರೀಕ್ಷೆಯನ್ನು ಅವಳು ಉಳಿಸಿಕೊಂಡಿದ್ದಳು.

ದೇವಿರಮ್ಮ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೈ ಚಾಚಿದಳು.

“ಗೊತ್ತಾದಾಗ ಹೂಂ ಅನ್ನಿ,” ಎಂದಳು ಕವಿತ, ಪ್ರತಿ ವಾರದಂತೆ. ಆಮೇಲೆ ಕವಿತ ತುಟಿ ಬಿಚ್ಚುವಂತಿಲ್ಲ. ಎಳೆ ಯಾವಾಗ ತಾಗುತ್ತದೆಂದು ಸುಳಿವು ಸಿಗಬಾರದು. ಕೂದಲಿನಷ್ಟು ಸಪೂರವಾದ ನೈಲಾನ್ ಎಳೆಯನ್ನು ತೋರುಬೆರಳ ತುದಿಗೆ ಇಟ್ಟಳು.

“ಇಲ್ಲ ಕಣವ್ವ.”

ಎಳೆ ಪಕ್ಕಕ್ಕೆ ಸರಿಯಿತು.

“ಇಲ್ಲ.”

ಗೊತ್ತಾಗದಿದ್ದರೆ ಸುಮ್ಮನಿರಿ ಎಂದು ಮೊದಲ ವಾರವೇ ಹೇಳಿದ್ದಾಗಿತ್ತು. ಬಂದವರ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದು ಮರ್ಯಾದೆಯಲ್ಲ ಎಂದು ದೇವಿರಮ್ಮ ಒಪ್ಪಿರಲಿಲ್ಲ. ಕವಿತ ಹಾಳೆಯಲ್ಲಿ ಸೊನ್ನೆ ಬರೆದಳು. ಅವಳಿಗೆ ತಡೆಯಲಾಗಲಿಲ್ಲ.

“ನಿಮ್ಮ ಮಗ ಇವರಿಗೆ ಮೋಸ ಮಾಡ್ತಿದಾನೆ ಅಜ್ಜಿ.”

ಅಂಕಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಈಗ ಗೊತ್ತಾಯ್ತಾ ನಿಂಗೆ? ಊರ್ಗೆಲ್ಲ ಗೊತ್ತು. ಮಳವಳ್ಳೀಲಿ ಇನ್ನೊಂದು ಸಂಸಾರ ಮಡ್ಗವ್ನೆ, ಮೂರು ವರ್ಸ ಆಯ್ತು. ಇವಳು ಕೈ ಕುಯ್ಕಂಡಾಗ ಪೂರಾ ಅಲ್ಲಿಗೇ ಒಂಟು ನಿಂತಿದ್ದ. ಊರ್ನೋರು ಕೂತು ನ್ಯಾಯ ಮಾಡುದ್ರು. ಎಂಡ್ರು ಬೆರಳಿಗೆ ಗ್ಯಾನ ಬರೋ ಗಂಟ ನೀನು ಊರು ಬುಡಂಗಿಲ್ಲ, ಬಂದ ದಿನ ಎಲ್ಲಿಗಾರ ಓಗು ಅಂದ್ರು. ಅದ್ಕೇ ಕಣವ್ವ ನಿನ್ ರಾಗಿ ತಟ್ಟೆ ಇಡ್ಕಂಡು ನಾಕೊತ್ತೂ ಕೂತ್ಕತಾನೆ. ಸುಳ್ಳ್ಯಾಕೆ, ಒಂದೊತ್ತೂ ತಪ್ಪುಸಿಲ್ಲ.”

ಎಳೆ ಹಿಡಿದಿದ್ದ ಕವಿತಳ ಕೈ ನಡುಬೆರಳಿನಿಂದ ಒಂದಂಗುಲ ಮೇಲೆ ನಿಂತುಬಿಟ್ಟಿತು. ಹಾಗಾದರೆ ಆ ಟಿಕ್ಕುಗಳೆಲ್ಲ ನಿಜ. ಅಭ್ಯಾಸವೂ ತಪ್ಪಿಲ್ಲ, ಲೇಪವೂ ಹನ್ನೊಂದು ಕಡೆ ಸೋತಿಲ್ಲ. ಮತ್ತೆ ಇಲ್ಲಿ ಮಾತ್ರ ಏಕೆ?

ದೇವಿರಮ್ಮ ಬಟ್ಟೆ ಕಟ್ಟಿದ ಮುಖವನ್ನು ಚೂರೂ ಅಲ್ಲಾಡಿಸದೆ ಕುಳಿತಿದ್ದಳು. ತುಟಿ ಬಿಗಿದಿತ್ತು. ಅಂಕಮ್ಮನ ಮೊರದಲ್ಲಿ ಹತ್ತಾರು ಕಾಳು ಬಿದ್ದವು. ದೇವಿರಮ್ಮ ಮಾತಾಡಲಿಲ್ಲ.

ಕವಿತ ಎಳೆಯನ್ನು ಇಳಿಸಿದಳು.

“ಇಲ್ಲ ಕಣವ್ವ.”

ಎತ್ತಿದಳು. ಕಾದಳು. ಸದ್ದಿಲ್ಲ. ಇನ್ನೂ ಕಾದಳು. ಮತ್ತೆ ತಾಗಿಸಿದಳು.

“ಇಲ್ಲ.”

ಐದು ತಿಂಗಳು, ವಾರ ವಾರವೂ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಆ ಹೆಂಗಸು ಎಳೆ ತಾಗಿದ ಕ್ಷಣಕ್ಕೇ, ಒಂದು ಸಲವೂ ತಪ್ಪದೆ, ತನಗೆ ಗೊತ್ತಾಗಲಿಲ್ಲ ಎಂದು ಹೇಳುತ್ತ ಬಂದಿದ್ದಳು.